ಹೊಸ ತುಪಾಕಿಯ ನಳಿಗೆ ಪಳಗಿಸಬೇಕೇ?

ನಮ್ಮ ಹೊಲಕ್ಕೆ ಹೊಂದಿಕೊಂಡಿರುವ ಹೊಲದ ಹುಡುಗನಿಗೆ ಹೋದ ಆಶ್ವೀಜದಲ್ಲಿ ಹೊಸ ತುಪಾಕಿ ಬಂತು. ಹನ್ನೆರಡು ಬೋರಿನದು, ಒಂಟಿ ನಳಿಗೆ, ಹಿಂದಿನಿಂದ ತೋಟಾ ಹಾಕುವಂಥದ್ದು. ಅವರಪ್ಪನ ಕಾಲದಲ್ಲಿ ಕೇಪಿನ ಕೋವಿ ಇತ್ತು. ಅಪ್ಪ ತೀರಿಹೋದ ಮೇಲೆ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮೂರು ವರ್ಷ ತಿರುಗಿದ. ಕೊನೆಗೂ ಆಯಿತು. ತುಪಾಕಿಯನ್ನು ತಂದವನೇ ಮನೆಗೂ ಹೋಗದೆ ನನ್ನ ಹತ್ತಿರ ಬಂದ. ಚೀಲದಲ್ಲಿ ಇಪ್ಪತ್ತು ತೋಟಾ.

"ಅಣ್ಣ, ಒಂದು ಹೊಡ್ದು ಒರ್ಸದು, ಇನ್ನೊಂದು ಹೊಡ್ದು ಒರ್ಸದು. ಹಿಂಗ ಹತ್ತು ಹೊಡುದ್ರ ನಳಿಗ ಪಳಗ್ತದಂತ. ಆಮೇಲ ಗುರಿ ತಪ್ಪದೇ ಇಲ್ವಂತ" ಅಂದ. ಯಾರು ಹೇಳಿದರು ಅಂತ ಕೇಳಿದೆ. ಒಬ್ಬರಲ್ಲ, ಮೂರು ಜನ ಹೇಳಿದ್ದರು. ಮೊಬೈಲಿನಲ್ಲೂ ಯಾರೋ ಹೊರದೇಶದವರು ಹಾಗೇ ಮಾಡುವುದನ್ನು ನೋಡಿದ್ದನಂತೆ.

ಹತ್ತು ತೋಟಾ ಅಂದರೆ ಅವನ ಹತ್ತಿರ ಇದ್ದುದರಲ್ಲಿ ಅರ್ಧ. ಆ ದುಡ್ಡಿನಲ್ಲಿ ಯೂರಿಯಾ ಒಂದಲ್ಲ, ಎರಡು ಮೂಟೆ ಬರುತ್ತದೆ. ದುಡ್ಡು ಹೋದರೆ ಹೋಗಲಿ ಅಂದರೂ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಅನ್ನುವುದು ಲೈಸೆನ್ಸಿನಲ್ಲೇ ಬರೆದಿರುತ್ತೆ. ಮುಗಿದರೆ ಅಂಗಡಿಗೆ ಓಡಿ ಹೋಗಿ ತರಲು ಅದು ಬೀಡಿ ಬೆಂಕಿಪೊಟ್ಟಣವಲ್ಲ. ಜೋಳ ಹಾಲು ತುಂಬುವ ಹೊತ್ತಿಗೆ ತೋಟಾ ಮುಗಿಸಿಕೊಂಡು ಕೂತರೆ ರಾತ್ರಿ ಹಂದಿಗೆ ಏನು ತೋರಿಸುವುದು?

ಹತ್ತೂ ಸುಡಬೇಡ, ನಾಳೆ ಬೆಳಿಗ್ಗೆ ಬಾ ಅಂತ ಅವನಿಗೆ ಹೇಳಿ ಕಳಿಸಿದೆ. ಈ ಪ್ರಶ್ನೆ ಅವನೊಬ್ಬನದಲ್ಲ. ನಮ್ಮ ಹನೂರು ತಾಲೂಕಿನಲ್ಲಿ, ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಎಲ್ಲರೂ ಒಂದಲ್ಲ ಒಂದು ಸಲ ಈ ಮಾತು ಕೇಳಿರುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಕೋವಿ ಜೊತೆ ಮೂವತ್ತೈದು ವರ್ಷದ ಒಡನಾಟ ಇದೆ. ನನಗೆ ತಿಳಿದಿದ್ದನ್ನು ಬರೆಯುತ್ತೇನೆ.

ಪಳಗಿಸುವ ಮಾತು ರೈತನಿಗೆ ಬೇಗ ಹಿಡಿಸುತ್ತೆ. ಅದಕ್ಕೆ ಕಾರಣವೂ ಇದೆ. ನಮ್ಮ ಕೈಗೆ ಬರುವ ಪ್ರತಿಯೊಂದನ್ನೂ ಪಳಗಿಸಿಯೇ ನಾವು ಬಳಸುವುದು. ಹೊಸ ಹೋರಿಯನ್ನು ನೊಗಕ್ಕೆ ಕಟ್ಟುವ ಮೊದಲು ಮರದ ಕೊರಡು ಎಳೆಸುತ್ತೇವೆ. ಹೊಸ ಹೆಂಚನ್ನು ಎಣ್ಣೆ ಸವರಿ, ಕಾಯಿಸಿ, ಮೊದಲ ಎರಡು ದೋಸೆ ನಾಯಿಗೆ ಹಾಕುತ್ತೇವೆ. ಡೀಸೆಲ್ ಎಂಜಿನ್ ತಂದರೆ ಮೊದಲ ಕೆಲವು ಗಂಟೆ ಭಾರ ಕಮ್ಮಿ ಹಾಕಿ ಓಡಿಸಿ, ಆಯಿಲ್ ಬದಲಾಯಿಸಿ ಆಮೇಲೆ ಪೂರ್ತಿ ನೀರೆತ್ತುತ್ತೇವೆ. ಹಾಗಾದರೆ ಕೋವಿಯೂ ಹಾಗೇ ಇರಬೇಕು ಅಂತ ಮನಸ್ಸು ಒಪ್ಪಿಬಿಡುತ್ತೆ.

ಎಂಜಿನ್ ಲೆಕ್ಕ ಬೇರೆ, ನಳಿಗೆ ಲೆಕ್ಕ ಬೇರೆ. ಎಂಜಿನಿನೊಳಗೆ ಪಿಸ್ಟನ್ನಿನ ಬಳೆ ಸಿಲಿಂಡರಿಗೆ ಗಂಟೆಗಟ್ಟಲೆ ಉಜ್ಜುತ್ತೆ. ಒಂದನ್ನೊಂದು ತೇಯ್ದು ಹೊಂದಿಕೊಳ್ಳುತ್ತವೆ. ನಳಿಗೆಯಲ್ಲಿ ಏನಾಗುತ್ತೆ? ರೈಫಲ್ಲಿನಲ್ಲಿ ಗುಂಡು ನಳಿಗೆ ದಾಟಲು ಹಿಡಿಯುವ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು, ಅಥವಾ ಸ್ವಲ್ಪ ಹೆಚ್ಚು. ಸಾವಿರ ಗುಂಡು ಹಾರಿಸಿದರೂ ನಳಿಗೆಯೊಳಗೆ ಗುಂಡು ಉಜ್ಜಿದ ಒಟ್ಟು ಕಾಲ ಒಂದೆರಡು ಸೆಕೆಂಡು. ಹತ್ತು ಗುಂಡಿನಲ್ಲಿ ತೇಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಪೂರಾ ಸುಳ್ಳಲ್ಲ ಅದು. ಅದು ರೈಫಲ್ಲಿನ ಮಾತು. ರೈಫಲ್ಲಿನ ನಳಿಗೆಯೊಳಗೆ ಮರೆಗಳಂತೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ನಟ್ಟಿನ ಒಳಗಿನ ಮರೆ ಇದ್ದ ಹಾಗೆ, ಆದರೆ ಅಷ್ಟು ಒತ್ತೊತ್ತಾಗಿ ಅಲ್ಲ. ಗುಂಡು ಆ ಗೀರಿಗೆ ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುತ್ತೆ. ಅದರಿಂದಲೇ ದೂರದ ಗುರಿ. ಗುಂಡಿನ ಮೈಗೆ ತಾಮ್ರದ ಹೊದಿಕೆ ಇರುತ್ತೆ. ಹೊಸ ನಳಿಗೆಯಲ್ಲಿ, ಅದರಲ್ಲೂ ತೋಟಾ ಕೂರುವ ಜಾಗ ಮುಗಿದು ಗೀರು ಶುರುವಾಗುವ ಕಡೆ, ಕೊರೆದ ಉಳಿಯ ಗುರುತು ಸಣ್ಣಗೆ ಉಳಿದಿರುತ್ತೆ. ಅದು ಅರದಂತೆ ತಾಮ್ರ ಕೆರೆದುಕೊಳ್ಳುತ್ತೆ. ಆ ತಾಮ್ರ ನಳಿಗೆಗೆ ಅಂಟುತ್ತೆ. ಅದರ ಮೇಲೆ ಇನ್ನೊಂದು ಗುಂಡು ಹೋದರೆ ಇನ್ನಷ್ಟು ಅಂಟುತ್ತೆ, ಗುರಿ ಕೆಡುತ್ತೆ. ಅದಕ್ಕೇ ಒಂದು ಹೊಡೆದು ತಾಮ್ರ ತೆಗೆದು, ಮತ್ತೊಂದು ಹೊಡೆದು ತೆಗೆದು, ತಾಮ್ರ ಅಂಟುವುದು ಕಮ್ಮಿಯಾಗುವ ತನಕ ಹಾಗೆ ಮಾಡಿ ಅನ್ನುತ್ತಾರೆ ಕೆಲವರು. ನಳಿಗೆ ಮಾಡುವವರಲ್ಲೇ ಇದಕ್ಕೆ ಒಮ್ಮತ ಇಲ್ಲ. ಕೈಯಲ್ಲಿ ಉಜ್ಜಿ ನಯ ಮಾಡಿದ ದುಬಾರಿ ನಳಿಗೆಗೆ ಇದು ಬೇಕಾಗುವುದೇ ಕಮ್ಮಿ ಅನ್ನುವವರಿದ್ದಾರೆ. ಇದೆಲ್ಲ ತೋಟಾ ದಂಡ, ನಳಿಗೆ ಆಯುಷ್ಯವೂ ದಂಡ ಅನ್ನುವವರೂ ಇದ್ದಾರೆ. ಒಪ್ಪುವವರು ಕೂಡ ಹೇಳುವುದು ಇಷ್ಟೇ: ಮುಂದೆ ಒರೆಸುವ ಕೆಲಸ ಸ್ವಲ್ಪ ಹಗುರ ಆಗುತ್ತೆ.

ನಮ್ಮೂರಿನಲ್ಲಿ ಮಿಲಿಟರಿಯಿಂದ ರಿಟೈರಾಗಿ ಬಂದವರೊಬ್ಬರಿದ್ದಾರೆ. ಅವರನ್ನೂ ಕೇಳಿದೆ. "ನಮ್ಗೆ ಹೊಸ ಇನ್ಸಾಸ್ ರೈಫಲ್ ಕೊಟ್ಟಾಗ ಯಾರೂ ಪಳಗ್ಸಲಿಲ್ಲ ಕಣಯ್ಯ. ಗ್ರೀಸ್ ಒರ್ಸಿ, ಗುರಿ ಸರಿ ಮಾಡ್ಕೊಂಡು ಡ್ಯೂಟಿಗೆ ಹೋದೋ ಅಷ್ಟೆ. ಆದ್ರ ಹೊಡ್ದ ದಿನ ಒರ್ಸದೆ ಮಲಗಿದ್ರ ಮಾತ್ರ ಬೆನ್ನು ಮುರೀತಿದ್ರು" ಅಂದರು.

ಈಗ ನಮ್ಮ ತುಪಾಕಿಗೆ ಬರೋಣ. ನಮ್ಮದು ಹನ್ನೆರಡು ಬೋರು. ನಳಿಗೆಯ ಅಗಲಕ್ಕೆ ಸರಿಯಾದ ಸೀಸದ ಗುಂಡುಗಳು ಹನ್ನೆರಡಾದರೆ ಒಂದು ರಾತ್ಲು ತೂಗುತ್ತವೆ, ಅದಕ್ಕೆ ಆ ಹೆಸರು. ಒಳಗೆ ಗೀರಿಲ್ಲ, ಮರೆ ಇಲ್ಲ, ಪೈಪಿನ ಹಾಗೆ ನಯ. ಹೋಗುವುದು ಸೀಸದ ಚರೆ. ಈಗಿನ ತೋಟಾಗಳಲ್ಲಿ ಎಷ್ಟೋ ಕಡೆ ಚರೆಗೆ ಪ್ಲಾಸ್ಟಿಕ್ ಬಟ್ಟಲೂ ಇರುತ್ತೆ. ತಾಮ್ರವೇ ಇಲ್ಲದ ಮೇಲೆ ತಾಮ್ರ ಅಂಟುವ ಮಾತೆಲ್ಲಿ? ಇನ್ನೂ ಒಂದು. ಕಾರ್ಖಾನೆಯಿಂದ ಹೊರಗೆ ಬಿಡುವ ಮೊದಲೇ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹೊಡೆದು ನೋಡಿ, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಹೊಸ ಕೋವಿ ತರುವಾಗ ಆ ಮುದ್ರೆ ಇದೆಯೇ ನೋಡಿಕೊಳ್ಳಿ. ಜಮ್ಮುವಿನದಿರಲಿ, ಮುಂಗೇರದ್ದಿರಲಿ, ಮುದ್ರೆ ಇಲ್ಲದ ನಳಿಗೆ ನಮ್ಮ ಕೈಗೆ ಬರಬಾರದು. ಮುದ್ರೆ ಬಿದ್ದ ನಳಿಗೆ ನಾವು ಹಾಕುವುದಕ್ಕಿಂತ ದೊಡ್ಡ ಹೊಡೆತ ಆಗಲೇ ತಿಂದಿದೆ. ಅದನ್ನು ನಾವೇನು ಪಳಗಿಸುವುದು?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮಗೆ ತುಪಾಕಿ ಯಾತಕ್ಕೆ? ನಮ್ಮ ಸುತ್ತ ಒಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ, ಇನ್ನೊಂದು ಕಡೆ 1987ರ ಕಾವೇರಿ ವನ್ಯಧಾಮ. ನಡುವೆ ನಮ್ಮ ಮಾರ್ಟಳ್ಳಿ, ಸುಳ್ವಾಡಿ, ಹೂಗ್ಯಂ ಹೊಲಗಳು. ಮಳೆ ನಂಬಿದ ರಾಗಿ, ಜೋಳ, ಹುರುಳಿ. ಹಂದಿಯೂ ಬರುತ್ತೆ, ಆನೆಯೂ ಬರುತ್ತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಮೊದಲ ಪಟ್ಟಿಯಲ್ಲಿದೆ. ಕಾಡುಹಂದಿ 2022ರ ತಿದ್ದುಪಡಿಯಾದ ಮೇಲೆ ಎರಡನೇ ಪಟ್ಟಿಯಲ್ಲಿದೆ. ನಮ್ಮ ಬೆಳೆ ತಿಂದಿತು ಅಂತ ನಾವೇ ತೀರ್ಮಾನ ಮಾಡಿ ಹೊಡೆದರೆ ಜೈಲು. ಆ ಕಾಯ್ದೆಯ 34ನೇ ಕಲಮಿನ ಪ್ರಕಾರ ವನ್ಯಧಾಮದಿಂದ ಹತ್ತು ಕಿಲೋಮೀಟರ್ ಒಳಗೆ ಕೋವಿ ಲೈಸೆನ್ಸ್ ಇದ್ದವರು ಅರಣ್ಯ ಇಲಾಖೆಯಲ್ಲಿ ಹೆಸರು ಬರೆಸಬೇಕು. ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ನಮ್ಮ ಹುಡುಗ ಮೂರು ವರ್ಷ ಅಲೆದದ್ದು ಸುಮ್ಮನೆ ಅಲ್ಲ.

ಅಂದಮೇಲೆ ನಮ್ಮ ಕೋವಿ ಇರುವುದು ಶಬ್ದಕ್ಕೆ. ಅಟ್ಟಣೆ ಮೇಲೆ ಕೂತು ತಮಟೆ ಬಡಿದು, ಕೂಗಿ, ಬ್ಯಾಟರಿ ಬಿಟ್ಟು, ಆದರೂ ಹೋಗದಿದ್ದಾಗ ಒಂದು ಈಡು. ಶಬ್ದಕ್ಕೆ ಗುರಿ ಬೇಕೇ? ಇನ್ನೂರು ಮೀಟರ್ ದೂರದ ಕಾಸಿನಗಲದ ಗುರಿಗೆ ಹೊಡೆಯುವವರ ಶಾಸ್ತ್ರವನ್ನು ನಾವು ತಂದು ಶಬ್ದ ಮಾಡುವ ಕೋವಿಗೆ ಹಚ್ಚಿಕೊಂಡಿದ್ದೇವೆ. ಬೆಟ್ಟದ ಮೇಲೆ ಕಾಫಿ ತೋಟದವರ ಹತ್ತಿರ ಈಶಾಪುರದ 315 ರೈಫಲ್ ಇದ್ದರೆ ಅವರು ಅದರ ಜೊತೆ ಕೊಟ್ಟ ಪುಸ್ತಕ ನೋಡಿ ಏನು ಬೇಕಾದರೂ ಮಾಡಿಕೊಳ್ಳಲಿ.

ತೋಟಾ ದಂಡ ಆಗುವುದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಯಾರ ದುಡ್ಡು, ಅವರ ಇಷ್ಟ. ಬರೆಯುತ್ತಿರುವುದು ನನ್ನ ಷಡ್ಡಕನ ಕೈ ನೋಡಿ.

ಹನ್ನೆರಡು ವರ್ಷದ ಹಿಂದೆ ಅವನೂ ಇಂಥದೇ ಒಂಟಿ ನಳಿಗೆ ತಂದ. ಕೊಟ್ಟವರೇ ಹೇಳಿದರಂತೆ, ಮೊದಲ ಹತ್ತು ಈಡಿಗೆ ಪ್ರತಿ ಸಲ ಒರೆಸು ಅಂತ. ಸಾಯಂಕಾಲ ಕೆರೆ ಏರಿ ಹತ್ತಿರ ಶುರು ಮಾಡಿದ. ಎರಡು ಹೊಡೆದು ಒರೆಸಿದ. ಮೂರನೆಯದು ಹೊಡೆದು ಒರೆಸುವಾಗ ಹಳೇ ಪಂಚೆಯ ಚೂರು ಸ್ವಲ್ಪ ದಪ್ಪ ಆಯಿತು. ಗಜ ಹೊರಗೆ ಬಂತು, ಬಟ್ಟೆ ಬರಲಿಲ್ಲ. ಬೆಳಕು ಮಬ್ಬಾಗಿತ್ತು, ಅಷ್ಟು ಹೊತ್ತಿಗೆ ಮನೆಯಿಂದ ಯಾರೋ ಕರೆದರು, ಬಟ್ಟೆ ಗಜದಲ್ಲೇ ಇತ್ತೋ ಕೆಳಗೆ ಬಿತ್ತೋ ಅಂತ ನೋಡಲಿಲ್ಲ. ನಾಲ್ಕನೆಯ ತೋಟಾ ಹಾಕಿ ಕುದುರೆ ಎಳೆದ.

ತಡೆ ಇರುವ ನಳಿಗೆಯಲ್ಲಿ ತೋಟಾ ಹೊಡೆದರೆ ನಳಿಗೆ ಎಲ್ಲಿ ಒಡೆಯುತ್ತೆ? ತಡೆ ಇದ್ದ ಕಡೆ. ಇಲ್ಲೂ ಹಾಗೇ. ನಳಿಗೆ ಇಲಿ ನುಂಗಿದ ಹಾವಿನ ಥರ ಉಬ್ಬಿ, ಒಂದು ಗೇಣು ಸೀಳಿತು. ಅದರ ಕೆಳಗೇ ಅವನ ಎಡಗೈ ಇತ್ತು. ಅಂಗೈ ಸೀಳಿಹೋಯಿತು. ಈಗಲೂ ಆ ಕೈಯ ಎರಡು ಬೆರಳು ಮಡಿಸಲು ಆಗುವುದಿಲ್ಲ. ಹಾಲು ಕರೆಯುವುದು ಒಂದೇ ಕೈಯಲ್ಲಿ. ಎಡಗಿವಿಗೆ ಮಾತು ಕೇಳಿಸುವುದಿಲ್ಲ, ಬಲಗಡೆ ನಿಂತು ಮಾತಾಡಬೇಕು. ಕೋವಿಯೂ ಹೋಯಿತು, ಲೈಸೆನ್ಸೂ ಹೋಯಿತು. ಪಳಗಿಸದೆ ಹಾಗೇ ಟ್ರಂಕಿನಲ್ಲಿ ಇಟ್ಟಿದ್ದರೆ ಇವತ್ತಿಗೂ ಅವನ ಕೈ ನೆಟ್ಟಗಿರುತ್ತಿತ್ತು.

ಹೊಡೆಯುವುದು, ಒರೆಸುವುದು, ಮತ್ತೆ ತಕ್ಷಣ ಹೊಡೆಯುವುದು. ಈ ಅವಸರದಲ್ಲೇ ಅಪಾಯ ಇರುವುದು. ದಿನಕ್ಕೊಂದು ಸಲ ನಿಧಾನವಾಗಿ ಒರೆಸುವವನು ಬಟ್ಟೆ ಮರೆಯುವುದು ಕಮ್ಮಿ. ಹತ್ತು ಸಲ ಒಂದೇ ಉಸಿರಿಗೆ ಮಾಡುವವನು ಒಂದು ಸಲ ಮರೆಯುತ್ತಾನೆ. ಕಳೆ ಔಷಧಿ ಹೊಡೆಯುವಾಗ ಎಂಟನೇ ಟ್ಯಾಂಕಿಗೆ ಔಷಧಿ ಹಾಕಿದ್ದೇನೋ ಇಲ್ಲವೋ ಅಂತ ನಮಗೆ ಮರೆತು ಹೋಗುವುದಿಲ್ಲವೇ, ಹಾಗೆ.

ಹುಡುಗ ಮಾರನೇ ದಿನ ಬಂದಾಗ ನಾನು ಮಾಡಿಸಿದ್ದು ಇಷ್ಟು. ಮೊದಲು ಕಾರ್ಖಾನೆಯ ಗ್ರೀಸು ತೆಗೆಸಿದೆ. ಹೊಸ ಕೋವಿಯ ನಳಿಗೆಯಲ್ಲಿ ತುಕ್ಕು ಹಿಡಿಯದಿರಲೆಂದು ದಪ್ಪಗೆ ಬಳಿದಿರುತ್ತಾರೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಎರಡು ಸಲ, ಒಣ ಬಟ್ಟೆಯಲ್ಲಿ ಬೆಳ್ಳಗೆ ಬರುವ ತನಕ. ಹೊಸ ನಳಿಗೆಗೆ ನಿಜವಾಗಿ ಮಾಡಬೇಕಾದ ಕೆಲಸ ಇದು, ಇದನ್ನು ಯಾರೂ ಹೇಳುವುದಿಲ್ಲ. ಬಟ್ಟೆಯ ಅಳತೆ ಮಿಲಿಟರಿಯವರು ಹೇಳಿದ್ದು ನಾಲ್ಕು ಇಂಚು ಉದ್ದ ಎರಡು ಇಂಚು ಅಗಲ, ಆದರೆ ಅದು ರೈಫಲ್ಲಿಗೆ. ನಮ್ಮ ನಳಿಗೆ ಅಗಲ, ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಎರಡು ಬೆರಳಿನಲ್ಲಿ ತಳ್ಳಿದರೆ ಹೋಗುವಷ್ಟು ಇರಲಿ, ಸುತ್ತಿಗೆ ಬೇಕಾದರೆ ಅದು ದಪ್ಪ ಆಯಿತು ಅಂತ ಅರ್ಥ. ಎಷ್ಟು ಚೂರು ತೆಗೆದುಕೊಂಡಿರೋ ಅಷ್ಟನ್ನೂ ಕೊನೆಗೆ ಎಣಿಸಿ. ಆಮೇಲೆ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಬೆಳಕು ಕಾಣಬೇಕು. ಕಾಣದಿದ್ದರೆ ತೋಟಾ ಮುಟ್ಟಬೇಡಿ.

ಆಮೇಲೆ ತೋಟಾ ನೋಡಿದೆವು. ನಳಿಗೆಯ ಮೇಲೆ ಅದು ಎಷ್ಟು ಉದ್ದದ ತೋಟಾಗೆ ಅಂತ ಒತ್ತಿರುತ್ತಾರೆ. ಹೊಸದು 70 ಮಿಲಿಮೀಟರಿನದು. ಹಳೇ ಕೋವಿಗಳಲ್ಲಿ 65 ಇರುತ್ತೆ. 65ರ ಕೋವಿಗೆ 70ರ ತೋಟಾ ಕೂರುತ್ತೆ, ಬಾಗಿಲೂ ಮುಚ್ಚಿಕೊಳ್ಳುತ್ತೆ, ಅದೇ ಮೋಸ. ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಏರುತ್ತೆ. ಅಣ್ಣತಮ್ಮಂದಿರು ಒಬ್ಬರ ತೋಟಾ ಒಬ್ಬರು ಎರವಲು ತೆಗೆದುಕೊಳ್ಳುವ ಮನೆಗಳಲ್ಲಿ ಇದನ್ನು ನೋಡಿಕೊಳ್ಳಬೇಕು. ತೋಟಾ ಎರವಲು ಕೊಡುವುದೇ ಕಾನೂನಿಗೆ ವಿರುದ್ಧ, ಆ ಮಾತು ಬೇರೆ.

ಠಾಣೆಗೆ ತಿಳಿಸಿ ಎರಡೇ ಎರಡು ಈಡು ಹೊಡೆಸಿದೆ. ಅವನ ಹೊಲದಲ್ಲೇ, ಎತ್ತರದ ಮಣ್ಣಿನ ಬದುವಿಗೆ ಗೋಣಿಚೀಲ ನೇತುಹಾಕಿ, ಅದಕ್ಕೆ ನ್ಯೂಸ್ ಪೇಪರ್ ಚುಚ್ಚಿ, ಮೂವತ್ತು ಹೆಜ್ಜೆಯಿಂದ. ಪೇಪರಿನಲ್ಲಿ ಚರೆ ಎಷ್ಟಗಲ ಹರಡಿತು, ಎಡಕ್ಕೆ ಹೋಯಿತೋ ಬಲಕ್ಕೋ ಅಂತ ತಿಳಿಯಲು. ಶಬ್ದಕ್ಕೆ ಗುರಿ ಬೇಡ ಅಂದವನು ಇದನ್ನು ಯಾಕೆ ಮಾಡಿಸಿದೆ ಅಂದರೆ, ಚರೆ ಎಲ್ಲಾದರೂ ಹೋಗಿ ಬೀಳಲೇಬೇಕಲ್ಲ. ಅಕ್ಕಪಕ್ಕದ ಹೊಲದ ಅಟ್ಟಣೆಗಳಲ್ಲಿ ಜನ ಮಲಗಿರುತ್ತಾರೆ. ನಮ್ಮ ಚರೆ ಎಷ್ಟಗಲ ಹೋಗುತ್ತೆ ಅನ್ನುವುದು ಗೊತ್ತಿಲ್ಲದೆ ಕತ್ತಲಲ್ಲಿ ಹೊಡೆಯುವವನ ಪಕ್ಕದಲ್ಲಿ ನಾನಂತೂ ಮಲಗಲಾರೆ. ಕೈ ಪಳಗಬೇಕು ಅನ್ನುವವರಿಗೆ ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕರ ಬಂದೂಕು ತರಬೇತಿ ಇದೆ. ಅಲ್ಲಿ ಹೋಗಿ ಹೊಡೆಯಲಿ.

ಹಳೇ ಕೇಪಿನ ಕೋವಿ ಇನ್ನೂ ಇಟ್ಟುಕೊಂಡವರಿಗೆ ನಾಲ್ಕು ಮಾತು. ಇವುಗಳ ವಿಷಯದಲ್ಲಿ ನನಗೆ ಅಕ್ಕರೆ ಜಾಸ್ತಿ, ಬರಹ ಉದ್ದ ಆದರೆ ಸಹಿಸಿಕೊಳ್ಳಿ.

ಹದಿನೆಂಟು ಹತ್ತೊಂಬತ್ತು ವರ್ಷದವನಿದ್ದಾಗ ನಾನು ಕೊಡಗಿಗೆ ಕಾಫಿ ಕುಯ್ಯಲು ಹೋಗಿದ್ದೆ. ನಮ್ಮ ಕಡೆಯಿಂದ ಈಗಲೂ ಲಾರಿ ತುಂಬ ಜನ ಹೋಗುತ್ತಾರೆ. ಕೊಡಗಿನಲ್ಲಿ ಕೋವಿ ಅಂದರೆ ಮನೆಯ ಒಬ್ಬ ಮಗ ಇದ್ದ ಹಾಗೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ನಾನಿದ್ದ ತೋಟದ ಮುದುಕರೊಬ್ಬರು ಕೇಪಿನ ಕೋವಿ ಹೊಡೆದ ರಾತ್ರಿ, ಎಷ್ಟೇ ಹೊತ್ತಾಗಿರಲಿ, ಒಲೆ ಮೇಲೆ ನೀರು ಕುದಿಸದೆ ಮಲಗುತ್ತಿರಲಿಲ್ಲ. ಕೇಪು ಕೂರುವ ಮೊಳೆ ಬಿಚ್ಚಿ, ನಳಿಗೆಯ ಬಾಯಿಂದ ಕುದಿವ ನೀರು ಹೊಯ್ಯುವರು. ಮೊದಲು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಮೂರನೇ ಚೆಂಬಿಗೆ ನೀರು ತಿಳಿಯಾಗುತ್ತಿತ್ತು. ನಳಿಗೆ ಕೈ ಸುಡುವಷ್ಟು ಕಾದು ತಾನೇ ಒಣಗುತ್ತಿತ್ತು. ಆಮೇಲೆ ಎಣ್ಣೆ.

ಎಣ್ಣೆ ಹಾಕಿದರೆ ಸಾಲದೇ, ನೀರೇಕೆ ಅಂತ ಕೇಳಿದ್ದೆ. "ಉಪ್ಪು ಎಣ್ಣೆಯಲ್ಲಿ ಕರಗುತ್ತೇನಪ್ಪ?" ಅಂದರು. ಆಗ ಅರ್ಥ ಆಗಲಿಲ್ಲ, ಆಮೇಲೆ ಆಯಿತು. ಕರಿಮದ್ದು ಪೂರ್ತಿ ಉರಿಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತೆ. ಆ ಕಿಟ್ಟದಲ್ಲಿ ಉಪ್ಪಿನ ಗುಣ ಇದೆ, ಗಾಳಿಯ ನೀರು ಹೀರುತ್ತೆ. ಹಳೇ ಥರದ ಕೇಪಿನಲ್ಲೂ ಉಪ್ಪು ಬಿಡುವ ಮದ್ದು ಇರುತ್ತೆ. ಎಣ್ಣೆ ಅದರ ಮೇಲೆ ಕೂರುತ್ತೆ, ಕೆಳಗೆ ತುಕ್ಕು ತಿನ್ನುತ್ತೆ. ಉಪ್ಪಿಗೆ ನೀರೇ ಆಗಬೇಕು. ಬ್ರಿಟಿಷರ ಸೈನ್ಯದಲ್ಲಿ 303 ರೈಫಲ್ಲಿಗೂ ಇದೇ ಕಾರಣಕ್ಕೆ ಕುದಿವ ನೀರು ಹೊಯ್ಯುತ್ತಿದ್ದರು. ನಮ್ಮ ಕಡೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಬಳಿಯುವ ರೂಢಿ ಇದೆ. ಕೊಬ್ಬರಿ ಎಣ್ಣೆ ಧನುರ್ಮಾಸದ ಚಳಿಗೆ ನಳಿಗೆಯಲ್ಲೇ ಗಟ್ಟಿಯಾಗುತ್ತೆ. ಬೆಳೆಯ ಎಣ್ಣೆಗಳು ಹಳತಾದರೆ ಅಂಟಾಗಿ ಧೂಳು ಹಿಡಿಯುತ್ತವೆ. ಹೊಲಿಗೆ ಮಿಶನ್ನಿನ ಎಣ್ಣೆ ಒಂದು ಸಣ್ಣ ಸೀಸೆ ವರ್ಷಕ್ಕೆ ಸಾಕು. ಹೊಡೆಯುವ ಮುಂಚೆ ಅದನ್ನೂ ಒಣಬಟ್ಟೆಯಲ್ಲಿ ಒರೆಸಿಬಿಡಬೇಕು.

ಕೇಪಿನ ಕೋವಿಯಲ್ಲಿ ಹಿಂದಿನಿಂದ ಬೆಳಕು ನೋಡಲು ಆಗುವುದಿಲ್ಲ. ಅದಕ್ಕೆ ಗಜವೇ ಕಣ್ಣು. ನಳಿಗೆ ಖಾಲಿ ಇದ್ದಾಗ ಗಜ ಪೂರ್ತಿ ಬಿಟ್ಟು, ಬಾಯಿಯ ಹತ್ತಿರ ಗಜದ ಮೇಲೆ ಚಾಕುವಿನಲ್ಲಿ ಒಂದು ಗೆರೆ ಕೊರೆಯಿರಿ. ಮುಂದೆ ಯಾವತ್ತೇ ಗಜ ಬಿಟ್ಟಾಗ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಅಂತ. ಅಪ್ಪ ಮರೆತ ಮದ್ದಿರಬಹುದು, ಬಟ್ಟೆ ಇರಬಹುದು, ಕುಂಬಾರ ಹುಳದ ಮಣ್ಣಿರಬಹುದು. ನಗಬೇಡಿ. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಿಯಲ್ಲಿ ಕುಂಬಾರ ಹುಳ ಮೂರು ದಿನದಲ್ಲಿ ಗೂಡು ಕಟ್ಟುತ್ತೆ. ನಮ್ಮ ಮನೆಯಲ್ಲೇ ಆಗಿದೆ. ಧೂಳು ಹೋಗದಿರಲಿ ಅಂತ ಬಾಯಿಗೆ ಬಟ್ಟೆ ತುರುಕುವವರೂ ಇದ್ದಾರೆ, ಅದು ಹುಳಕ್ಕಿಂತ ಕೆಟ್ಟದ್ದು. ಶಬ್ದಕ್ಕಾಗಿ ಹೊಡೆಯುವಾಗ ಮದ್ದಿನ ಮೇಲೆ ತೆಂಗಿನ ನಾರು ಜಡಿದರೆ ಸಾಕು, ಗುಂಡು ಬೇಡ. ಆ ನಾರು ಕೆಂಡ ಹಿಡಿದು ಹೋಗಿ ಬೀಳುತ್ತೆ. ಮೆದೆಯ ಕಡೆಗೆ, ಒಣ ಹುಲ್ಲಿನ ಕಾಡಿನ ಕಡೆಗೆ ಬಾಯಿ ಮಾಡಬೇಡಿ.

ತುಕ್ಕಿನ ಮಾತು ಬಂದಿದ್ದಕ್ಕೆ ಇನ್ನೊಂದು. ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗಬೇಕು. 2023ರಲ್ಲಿ ವಿಧಾನಸಭೆಗೆ ಹೋಯಿತು, 2024ರಲ್ಲಿ ಲೋಕಸಭೆಗೆ ಹೋಯಿತು. ಅದಕ್ಕೂ ಹಿಂದೆ, ವೀರಪ್ಪನ್ ಕಾಲದಲ್ಲಿ, 1993ರ ಏಪ್ರಿಲಿನಲ್ಲಿ ಪಾಲಾರಿನ ಬಾಂಬ್ ಆದ ಮೇಲಂತೂ ನಮ್ಮ ಊರುಗಳಲ್ಲಿ ಕೋವಿ ಅನ್ನುವ ಮಾತು ಬಾಯಲ್ಲಿ ಆಡಲೂ ಜನ ಹೆದರುತ್ತಿದ್ದರು. ಅಪ್ಪನ ಕೋವಿ ಆಗ ಹೋಗಿದ್ದು ವರ್ಷಗಟ್ಟಲೆ ಬರಲಿಲ್ಲ. ಬಂದಾಗ ನಳಿಗೆಯೊಳಗೆ ಗಜ ಅರ್ಧಕ್ಕೇ ನಿಂತಿತು. ಅವರ ಮೇಲೆ ನನ್ನ ದೂರಿಲ್ಲ. ನೂರಾರು ಕೋವಿ ಗುಡ್ಡೆ ಹಾಕಿಕೊಂಡವರು ಯಾರ ಕೋವಿಗೆ ಅಂತ ಎಣ್ಣೆ ಹಾಕುತ್ತಾರೆ? ಅಪ್ಪ ಹೊಡೆದ ಕೋವಿಯನ್ನು ತೊಳೆಯದೆ ಕೊಟ್ಟಿದ್ದರು, ಅಷ್ಟೆ. ಅದಾದ ಮೇಲೆ ಠಾಣೆಗೆ ಕೊಡುವ ಹಿಂದಿನ ದಿನ ನಾನು ಒಳಗೂ ಹೊರಗೂ ದಪ್ಪಗೆ ಎಣ್ಣೆ ಬಳಿದು ಕೊಡುತ್ತೇನೆ. ವಾಪಸ್ ತಂದ ದಿನ ಒರೆಸಿ, ಬೆಳಕು ನೋಡಿ, ಆಮೇಲೇ ಗೂಟಕ್ಕೆ ಹಾಕುವುದು.

ನನ್ನ ಅಭಿಪ್ರಾಯಕ್ಕೆ ವಿರುದ್ಧ ಅನುಭವ ಇದ್ದವರು ಬರೆಯಲಿ. ಹೊಸ ಹನ್ನೆರಡು ಬೋರಿಗೆ ಹತ್ತು ತೋಟಾ ಸುಟ್ಟು, ಸುಡದೆ ಇದ್ದ ಇನ್ನೊಂದರ ಪಕ್ಕ ಇಟ್ಟು ಚರೆ ಹರಡಿದ ಪೇಪರು ಹೋಲಿಸಿ ನೋಡಿದವರು ಯಾರಾದರೂ ಇದ್ದರೆ ಆ ಪೇಪರನ್ನೂ ಕಳಿಸಲಿ. ನಾನು ಕೇಳಿದವರಲ್ಲಿ ಹಾಗೆ ನೋಡಿದವರು ಒಬ್ಬರೂ ಸಿಗಲಿಲ್ಲ. ಎಲ್ಲರೂ ಯಾರೋ ಹೇಳಿದರು ಅಂದವರೇ.

ನಮ್ಮ ಹುಡುಗನ ಹದಿನೆಂಟು ತೋಟಾ ಟ್ರಂಕಿನಲ್ಲಿ ಭದ್ರವಾಗಿದ್ದವು. ಕಾರ್ತೀಕದಲ್ಲಿ ಜೋಳಕ್ಕೆ ಹಂದಿ ಇಳಿದವು, ಒಂಬತ್ತೋ ಹತ್ತೋ ಇದ್ದವು. ತಮಟೆಗೆ ಕಿವಿ ಕೊಡಲಿಲ್ಲ. ಆಕಾಶಕ್ಕೆ ಎರಡು ಈಡು ಹೊಡೆದ, ಹಳ್ಳ ದಾಟಿ ಹೋದವು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಟ್ಟಣೆ ಕೆಳಗೆ ಕೂತು ನಳಿಗೆ ಒರೆಸುತ್ತಿದ್ದ. ಬಟ್ಟೆಯ ಚೂರುಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದ, ನಾಲ್ಕು.